ಸೂಜಿ ಯಾರಿಗೆ, ಜ್ವರದ ದಿನದ ಕೂಲಿ ಯಾರದು?

ಮಾಲೀಕರು ಕೆಲಸಗಾರರಿಗೆ ಲಸಿಕೆ ಕಡ್ಡಾಯ ಮಾಡಬಹುದಾ ಅಂತ ಇವತ್ತಿನ ಮಾತಿಗೆ ವಿಷಯ ಕೊಟ್ಟಿದ್ದೀರಿ. ಈ ಪ್ರಶ್ನೆ ಕೇಳಿದ ಕೂಡಲೇ ಎಲ್ಲರಿಗೂ ಕೋವಿಡ್ ನೆನಪಾಗುತ್ತದೆ. ಗೇಟಿನಲ್ಲಿ ಸೆಕ್ಯುರಿಟಿಯವರು ಮೊಬೈಲ್‌ನಲ್ಲಿ ಸರ್ಟಿಫಿಕೇಟ್ ನೋಡಿ ಒಳಗೆ ಬಿಡುತ್ತಿದ್ದ ದಿನಗಳು. ಅಲ್ಲಿಗೂ ಬರುತ್ತೇನೆ. ಆದರೆ ಮೊದಲು ನಿಮ್ಮನ್ನು ಆಸ್ಪತ್ರೆಯ ಹಿಂಬದಿಗೆ ಕರೆದುಕೊಂಡು ಹೋಗಬೇಕು. ಕಸದ ಹಳದಿ, ಕೆಂಪು ಚೀಲಗಳನ್ನು, ನೀಲಿ ಡಬ್ಬಗಳನ್ನು ತೂಕ ಹಾಕಿ ಬಾರ್‌ಕೋಡ್ ಅಂಟಿಸುವ ಕೋಣೆ ಇರುತ್ತದಲ್ಲ, ಅಲ್ಲಿಗೆ.

ಅಲ್ಲಿ ಕೆಲಸ ಮಾಡುವವರು ಬಹುಪಾಲು ಗುತ್ತಿಗೆಯವರು. ಸೂಜಿಗಳೆಲ್ಲ ಬಿಳಿ ಡಬ್ಬಕ್ಕೆ ಹೋಗಬೇಕು. ಎಲ್ಲವೂ ಹೋಗುವುದಿಲ್ಲ. ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ಒಂದು ಸೂಜಿ ಹಳದಿ ಚೀಲದ ಹತ್ತಿ, ಬ್ಯಾಂಡೇಜಿನ ನಡುವೆ ಉಳಿದುಬಿಡುತ್ತದೆ. ಬೆಳಿಗ್ಗೆ ಆಯಮ್ಮ ಚೀಲದ ಬಾಯಿ ಕಟ್ಟಬೇಕು ಅಂತ ಕೈಯಿಂದ ಅದುಮುತ್ತಾರೆ. ಚುಚ್ಚುತ್ತದೆ. ಗ್ಲೌಸ್ ತೆಗೆದು, ರಕ್ತ ಒರೆಸಿಕೊಂಡು, ಮುಂದಿನ ಚೀಲಕ್ಕೆ ಕೈ ಹಾಕುತ್ತಾರೆ. ಯಾರಿಗೂ ಹೇಳುವುದಿಲ್ಲ. ಹೇಳಿದರೆ 'ನೋಡ್ಕೊಂಡು ಕೆಲಸ ಮಾಡೋಕಾಗಲ್ವಾ' ಅಂತ ಬೈಸಿಕೊಳ್ಳಬೇಕು.

ಹೀಗೆ ಚುಚ್ಚಿಕೊಂಡಾಗ ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ಅಂಟುವ ಸಾಧ್ಯತೆ 1000ಕ್ಕೆ ಸುಮಾರು 3. ಹೆಪಟೈಟಿಸ್ ಬಿ ವಿಷಯ ಬೇರೆ. ಲಸಿಕೆ ಇಲ್ಲದವರಿಗೆ, ರೋಗಿಯ ರಕ್ತದಲ್ಲಿ ವೈರಸ್ ಜೋರಾಗಿದ್ದರೆ, 100ಕ್ಕೆ 30ರ ತನಕ ಹೋಗುತ್ತದೆ. ಒಣಗಿದ ರಕ್ತದಲ್ಲೂ ಈ ವೈರಸ್ ಒಂದು ವಾರ ಬದುಕಿರುತ್ತದೆ. ಎಷ್ಟೋ ವರ್ಷ ಆದಮೇಲೆ ಲಿವರ್ ಹಾಳಾಗಿದೆ ಅಂತ ಗೊತ್ತಾಗುವಾಗ, ಆ ಹಳದಿ ಚೀಲ ಯಾರಿಗೆ ನೆನಪಿರುತ್ತದೆ? ಇದಕ್ಕೆ ಒಳ್ಳೆಯ ಲಸಿಕೆ ಇದೆ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ.

ಇದಕ್ಕೆ ಕಾನೂನೂ ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಬರೆದಿದ್ದಾರೆ. ಆಸ್ಪತ್ರೆ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಸೇರಿದಂತೆ ಇಂಥ ಕಾಯಿಲೆಗಳ ಲಸಿಕೆ ಹಾಕಿಸುವುದು ಆಸ್ಪತ್ರೆ ನಡೆಸುವವರ ಹೊಣೆ ಅಂತ. ಗಮನಿಸಿ, ಕೆಲಸಗಾರರು ಹಾಕಿಸಿಕೊಂಡು ಬರಬೇಕು ಅಂತ ಅಲ್ಲಿ ಹೇಳಿಲ್ಲ. ಹಾಕಿಸಬೇಕಾದವರು ಮ್ಯಾನೇಜ್‌ಮೆಂಟಿನವರು. ನಮ್ಮ ಚರ್ಚೆಯಲ್ಲಿ ತಲೆಕೆಳಗಾಗಿರುವುದೇ ಇದು. 'ಕಡ್ಡಾಯ' ಅಂದ ಕೂಡಲೇ ಕೆಲಸಗಾರರ ಕಡೆಗೇ ಬೆರಳು ತೋರಿಸುತ್ತೇವೆ. ಮೊದಲ ಕಡ್ಡಾಯ ಮಾಲೀಕರ ಮೇಲಿದೆ, ಕೋವಿಡ್ ಬರುವ ಮುಂಚಿನಿಂದಲೂ ಇದೆ.

ಹೋಟೆಲ್‌ನವರಿಗೂ ಇಂಥದ್ದೇ ಇದೆ. ಆಹಾರ ಸುರಕ್ಷತೆಯ 2011ರ ನಿಯಮಗಳ ಪ್ರಕಾರ ಅಡುಗೆ ಮಾಡುವವರಿಗೆ, ಬಡಿಸುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಟೈಫಾಯ್ಡ್ ಥರದ ಕರುಳಿನ ಕಾಯಿಲೆಗಳಿಗೆ ಲಸಿಕೆ ಹಾಕಿಸಬೇಕು, ಅದರ ದಾಖಲೆ ಇಡಬೇಕು. ನಡೆಯುವುದೇನು? ಲೈಸೆನ್ಸ್ ನವೀಕರಣ ಹತ್ತಿರ ಬಂದಾಗ ಹತ್ತು ಹದಿನೈದು ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದುಕೊಂಡು ಒಬ್ಬ ಹುಡುಗ ಕ್ಲಿನಿಕ್ಕಿಗೆ ಬರುತ್ತಾನೆ. ಜನ ಬರುವುದಿಲ್ಲ, ಜೆರಾಕ್ಸ್ ಬರುತ್ತದೆ. 'ಎಲ್ಲರಿಗೂ ಒಂದೊಂದು ಸೈನ್ ಹಾಕಿಕೊಡಿ ಸಾರ್.' ನನ್ನ ಹತ್ತಿರವೂ ಬಂದಿದ್ದಾರೆ. ಸೂಜಿಯೇ ಇಲ್ಲದ ಸರ್ಟಿಫಿಕೇಟ್ ಅದು. ಕಡ್ಡಾಯ ಅಂತ ಬರೆದು ಖರ್ಚು ಯಾರದು ಅಂತ ಯಾರೂ ಕೇಳದಿದ್ದರೆ ಕೊನೆಗೆ ಉಳಿಯುವುದು ಕಾಗದ ಮಾತ್ರ.

ಈಗ ಮಾಲೀಕರ ಮಾತನ್ನೂ ಕೇಳೋಣ. ಕೆಲಸದ ಜಾಗದಲ್ಲಿ ಕಾಯಿಲೆ ಹರಡುವುದಿಲ್ಲವಾ? ಹರಡುತ್ತದೆ. ಈ ಮೈಸೂರು, ಮಂಡ್ಯ ಭಾಗದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ಒಬ್ಬ ನೌಕರರಿಗೆ ಕೋವಿಡ್ ಬಂತು. ಅಲ್ಲಿಂದ ಸಹೋದ್ಯೋಗಿಗಳು, ಅವರ ಮನೆಯವರು ಅಂತ 70ಕ್ಕೂ ಜಾಸ್ತಿ ಜನ. ಆ ಒಬ್ಬರಿಗೆ ಎಲ್ಲಿಂದ ಬಂತು ಅಂತ ಊರೆಲ್ಲ ಪತ್ತೇದಾರಿಕೆ ಮಾಡಿತು. ಆ ಮನುಷ್ಯನನ್ನು ಅಪರಾಧಿ ಥರ ನೋಡಿದರು. ಆಗ ಲಸಿಕೆಯೇ ಇರಲಿಲ್ಲ, ಆ ಮಾತು ಬೇರೆ. ಆದರೆ ಒಂದೇ ಬಸ್, ಒಂದೇ ಕ್ಯಾಂಟೀನ್, ಒಂದೇ ಲಾಕರ್ ರೂಮ್ ಇರುವ ಕಡೆ ಒಬ್ಬರ ಉಸಿರು ಇನ್ನೊಬ್ಬರಿಗೆ ಎಷ್ಟು ಹತ್ತಿರ ಅಂತ ಇಡೀ ಮೈಸೂರು ಜಿಲ್ಲೆ ಕಂಡಿತು. ಹಾಗಾಗಿ 'ಲಸಿಕೆ ನನ್ನ ಸ್ವಂತ ವಿಷಯ, ಕಂಪನಿಗೇನು' ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

2021ರ ಏಪ್ರಿಲ್ 11ರಿಂದ ಕೆಲಸದ ಜಾಗದಲ್ಲೇ ಲಸಿಕೆ ಹಾಕಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. 45 ದಾಟಿದ, ಹಾಕಿಸಿಕೊಳ್ಳಲು ಒಪ್ಪಿದ ಸುಮಾರು 100 ಜನ ಇದ್ದರೆ ಸಾಕಿತ್ತು. ಮೇ 1ರಿಂದ 18 ದಾಟಿದವರಿಗೂ ಬಾಗಿಲು ತೆರೆಯಿತು, ಆದರೆ ಲಸಿಕೆ ಸಾಕಾಗುವಷ್ಟು ಇರಲಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಕೋವಿಶೀಲ್ಡ್‌ಗೆ ಗರಿಷ್ಠ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1410. ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ಅದು ಎಷ್ಟು ದಿನದ ಕೂಲಿ ಅಂತ ಲೆಕ್ಕ ಹಾಕಿ. ಕೆಲವು ದೊಡ್ಡ ಕಂಪನಿಗಳು ತಮ್ಮ ದುಡ್ಡಲ್ಲೇ ಹಾಕಿಸಿದವು, ಅದನ್ನು ಒಪ್ಪಬೇಕು.

ನಾನು ವರ್ಷಗಟ್ಟಲೆ ಕಾರ್ಖಾನೆಗಳ ಮೆಡಿಕಲ್ ರೂಮಿನಲ್ಲಿ ಕೂತವನು. ಆ ವರ್ಷ ಒಂದು ಗಾರ್ಮೆಂಟ್ಸ್‌ನಲ್ಲಿ ನಡೆದಿದ್ದನ್ನು ಹೇಳುತ್ತೇನೆ. ಹೆಸರು ಬೇಡ. ಲಸಿಕೆ ಉಚಿತ, ಕಾರ್ಖಾನೆಯಲ್ಲೇ ಕ್ಯಾಂಪ್, ನೋಟಿಸ್ ಬೋರ್ಡಿನಲ್ಲಿ 'ಎಲ್ಲರೂ ಕಡ್ಡಾಯವಾಗಿ' ಅಂತ ದಪ್ಪ ಅಕ್ಷರ. ಆದರೂ ಹಳ್ಳಿ ಕಡೆಯಿಂದ ಟೆಂಪೋದಲ್ಲಿ ಬರುವ ಹೆಂಗಸರು ಹಿಂದೆ ಸರಿಯುತ್ತಿದ್ದರು. ಎಚ್.ಆರ್.ನವರು ನನ್ನನ್ನು ಕರೆದು 'ಮೂಢನಂಬಿಕೆ ಸಾರ್, ನೀವೊಂದು ಭಾಷಣ ಮಾಡಿ' ಅಂದರು. ನಾನು ಭಾಷಣ ಮಾಡುವ ಮುಂಚೆ ಊಟದ ಹೊತ್ತಿನಲ್ಲಿ ಅವರ ಜೊತೆ ಕೂತೆ. ಒಬ್ಬಾಕೆ ಹೇಳಿದ್ದು ಇಷ್ಟೇ: 'ಸೂಜಿಗೆ ಯಾರು ಹೆದ್ರುತ್ತಾರೆ ಸಾರ್, ಎರಡು ಹೆತ್ತಿದ್ದೀನಿ. ರಾತ್ರಿ ಜ್ವರ ಬಂದು ನಾಳೆ ರಜ ಆದ್ರೆ ಅಟೆಂಡೆನ್ಸ್ ಬೋನಸ್ ಹೋಗ್ತದಲ್ಲ.'

ಎಷ್ಟು ಸರಳ! ತಿಂಗಳಲ್ಲಿ ಒಂದು ದಿನ ತಪ್ಪಿದರೂ ಆ ಬೋನಸ್ ಇಲ್ಲ. ಜ್ವರ ಬರುತ್ತದೆ ಅಂತ ನಾವೇ ಪ್ಯಾರಾಸಿಟಮಾಲ್ ಹಂಚಿ ಹೇಳುತ್ತಿದ್ದೆವು. ಜ್ವರದ ದಿನದ ಕೂಲಿ ಯಾರು ಕೊಡುತ್ತಾರೆ ಅಂತ ಮಾತ್ರ ನೋಟಿಸ್‌ನಲ್ಲಿ ಇರಲಿಲ್ಲ. ನಾನು ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ಒಂದಿಷ್ಟು ಗೊಣಗಿ, ಲಸಿಕೆ ಮಾರನೆಯ ದಿನದ ರಜೆಯನ್ನು ಹಾಜರಿ ಅಂತಲೇ ಹಿಡಿಯಲು ಒಪ್ಪಿದರು. ಕ್ಯಾಂಪಿಗೆ ಮುಂಚೆ ಲೈನಿಗೆ ಲೈನೇ ಬಂದು ಹೆಸರು ಬರೆಸಿತು. ನನ್ನ ಭಾಷಣದ ಅಗತ್ಯವೇ ಬೀಳಲಿಲ್ಲ. ಒಳ್ಳೆಯದೇ ಆಯಿತು, ನನ್ನ ಭಾಷಣ ಅಷ್ಟೇನೂ ಚೆನ್ನಾಗಿರುವುದಿಲ್ಲ.

ಎಲ್ಲ ಕಡೆ ಇಷ್ಟು ಸುಲಭ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಬೇಡ ಅನ್ನುವವರೂ ಇದ್ದರು. ಆದರೆ 'ಬೇಡ' ಅನ್ನುವವರ ಗುಂಪಿನಲ್ಲಿ ಎಷ್ಟು ಜನ ಲಸಿಕೆ ಬೇಡ ಅನ್ನುತ್ತಿದ್ದಾರೆ, ಎಷ್ಟು ಜನ ಕೂಲಿ ಕಳೆದುಕೊಳ್ಳಲಾರೆ ಅನ್ನುತ್ತಿದ್ದಾರೆ ಅಂತ ಮೊದಲು ಬೇರೆ ಮಾಡಿ ನೋಡಬೇಕು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಅರಮನೆ ಕಡೆ ಹೋಗಿಬರೋಣ. ಸುಮಾರು 1805ರಲ್ಲಿ ಥಾಮಸ್ ಹಿಕಿ ಅನ್ನುವ ಐರಿಷ್ ಚಿತ್ರಕಾರ ಮೂವರು ಹೆಂಗಸರ ಚಿತ್ರ ಬರೆದ. ನರ್ತಕಿಯರು ಅಂತ ತುಂಬಾ ಕಾಲ ಅಂದುಕೊಂಡಿದ್ದರು. ನೈಜೆಲ್ ಚಾನ್ಸಲರ್ ಅನ್ನುವ ಇತಿಹಾಸಕಾರ ಬೇರೆ ಥರ ಓದಿದರು. ಇವರು ಮೈಸೂರು ಅರಮನೆಯವರು, ಒಬ್ಬಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿದ ತೋಳಿನ ಜಾಗ ಅಂತ ಅವರ ವಾದ. ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆ ಬಿದ್ದಿದ್ದು 1802ರಲ್ಲಿ, ಬಾಂಬೆಯಲ್ಲಿ. ಜನರಿಗೆ ಅದರ ಬಗ್ಗೆ ಭಯ, ಅಸಹ್ಯ ಎರಡೂ ಇತ್ತು. ಈ ಓದು ಸರಿಯಾಗಿದ್ದರೆ, ಅರಮನೆ ಮಾಡಿದ್ದು ಡಂಗುರ ಹೊಡೆಸುವ ಕೆಲಸವಲ್ಲ. ಮೊದಲು ತಮ್ಮ ತೋಳು ತೋರಿಸಿದರು. ಎಷ್ಟು ಕಂಪನಿಗಳ ಎಂ.ಡಿ.ಗಳು ಕ್ಯಾಂಟೀನಿಗೆ ಬಂದು ಕೆಲಸಗಾರರ ಸಾಲಿನಲ್ಲೇ ನಿಂತು ಚುಚ್ಚಿಸಿಕೊಂಡರು, ನೀವೇ ನೆನಪು ಮಾಡಿಕೊಳ್ಳಿ.

ಇನ್ನೊಂದು ಕಡೆಯ, ಬಲವಂತದ ಕಥೆಯೂ ನಮ್ಮ ಭಾಗದ್ದೇ. 1898ರಲ್ಲಿ ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಬಂತು. ಮನೆ ಹೊಕ್ಕು ರೋಗಿಗಳನ್ನು ಹುಡುಕುವುದು, ಕ್ಯಾಂಪಿಗೆ ಸಾಗಿಸುವುದು, ಮನೆ ಖಾಲಿ ಮಾಡಿಸುವುದು ಆ ಕಾಲದ ಪ್ಲೇಗ್ ಕ್ರಮಗಳು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆ ಎದ್ದರು. ಪ್ಲೇಗ್ ತಡೆಯಬೇಕಿತ್ತು, ಅನುಮಾನವಿಲ್ಲ. ಆದರೆ ಪೊಲೀಸರನ್ನು ಮುಂದಿಟ್ಟುಕೊಂಡು ಬಂದ ಆರೋಗ್ಯವನ್ನು ಜನ ಆರೋಗ್ಯ ಅಂತ ನಂಬಲಿಲ್ಲ.

ಸರಿ, ಕೋರ್ಟಿಗೆ ಬರೋಣ. ಲಾಯರ್ ಗೆಳೆಯರು ಇದ್ದೀರಿ, ಹೆಚ್ಚು ಎಳೆಯುವುದಿಲ್ಲ. 2021ರಲ್ಲಿ ಮೇಘಾಲಯದಲ್ಲಿ ಅಂಗಡಿಯವರು, ಟ್ಯಾಕ್ಸಿಯವರು, ಬೀದಿ ವ್ಯಾಪಾರಿಗಳು ಲಸಿಕೆ ಹಾಕಿಸಿಕೊಂಡ ಮೇಲೇ ವ್ಯಾಪಾರ ಶುರು ಮಾಡಬೇಕು ಅಂತ ಜಿಲ್ಲಾಧಿಕಾರಿಗಳು ಆದೇಶ ಹೊರಡಿಸಿದರು. ಬಲವಂತದ ಲಸಿಕೆ ಬದುಕುವ, ದುಡಿದು ತಿನ್ನುವ ಹಕ್ಕಿಗೆ ವಿರುದ್ಧ ಅಂತ ಅಲ್ಲಿನ ಹೈಕೋರ್ಟ್ ಹೇಳಿತು. ಅದರ ಜೊತೆಗೇ, ಅಂಗಡಿಯವರು ಲಸಿಕೆ ಆಗಿದೆಯೋ ಇಲ್ಲವೋ ಅಂತ ಬೋರ್ಡ್ ಹಾಕಬೇಕು, ಒಳಗೆ ಹೋಗುವುದು ಬಿಡುವುದು ಗಿರಾಕಿಗೆ ಬಿಟ್ಟಿದ್ದು ಅಂತಲೂ ಹೇಳಿತು. ಅದೇ ವರ್ಷ ಪಕ್ಕದ ಚಾಮರಾಜನಗರದಲ್ಲಿ 'ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ' ಅನ್ನುವ ಮಾತು ಬಂದು ಎಂಥ ಗಲಾಟೆ ಆಯಿತು ಅಂತ ನಿಮಗೆ ಗೊತ್ತು.

ದೊಡ್ಡ ತೀರ್ಪು ಬಂದಿದ್ದು 2022ರ ಮೇ 2ರಂದು, ಸುಪ್ರೀಂ ಕೋರ್ಟಿನಿಂದ. ಜೇಕಬ್ ಪುಲಿಯೆಲ್ ಪ್ರಕರಣ. ಯಾರ ಮೈಗೂ ಬಲವಂತವಾಗಿ ಲಸಿಕೆ ಚುಚ್ಚುವಂತಿಲ್ಲ, ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಅದನ್ನು ಕಾಯುತ್ತದೆ ಅಂದರು. ಆದರೆ ಇಷ್ಟಕ್ಕೇ ಓದು ನಿಲ್ಲಿಸಿ 'ನೋಡಿ, ಕೋರ್ಟ್ ಕಡ್ಡಾಯ ಬೇಡ ಅಂದಿದೆ' ಅನ್ನುವವರು ಜಾಸ್ತಿ. ಸಮಾಜದ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು ಅಂತಲೂ ಅದೇ ತೀರ್ಪು ಹೇಳುತ್ತದೆ. ಅದಕ್ಕೆ ಕಾನೂನಿನ ಬಲ ಬೇಕು, ನಿಜವಾದ ಅಗತ್ಯ ಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಈ ಅಳತೆಗೋಲು ಬಂದಿದ್ದು 2017ರ ಖಾಸಗಿತನದ ತೀರ್ಪಿನಿಂದ. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಲಸಿಕೆ ಹಾಕಿಸದವರಿಂದ ಹಾಕಿಸಿದವರಿಗಿಂತ ಜಾಸ್ತಿ ಸೋಂಕು ಹರಡುತ್ತದೆ ಅಂತ ತೋರಿಸುವ ಅಂಕಿಅಂಶವನ್ನು ಸರ್ಕಾರಗಳು ಮುಂದಿಡಲಿಲ್ಲ. ಹಾಗಾಗಿ ಆಗ ಇದ್ದ ನಿರ್ಬಂಧಗಳನ್ನು ಖಾಸಗಿ ಸಂಸ್ಥೆಗಳೂ ಸೇರಿ ಎಲ್ಲರೂ ಮತ್ತೆ ಪರಿಶೀಲಿಸಿ ಅಂದರು.

ನನ್ನ ಪ್ರಕಾರ ಇಡೀ ಗಲಾಟೆಯ ಗಂಟು ಇರುವುದು ಇಲ್ಲಿ. ಲಸಿಕೆ ಎರಡು ಕೆಲಸ ಮಾಡಬಹುದು. ಹಾಕಿಸಿಕೊಂಡವರನ್ನು ಕಾಯಬಹುದು. ಅವರಿಂದ ಬೇರೆಯವರಿಗೆ ಹರಡದಂತೆ ತಡೆಯಬಹುದು. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆ 2021ರ ಎರಡನೇ ಅಲೆಯಲ್ಲಿ ತನ್ನದೇ ಸಿಬ್ಬಂದಿಯ ಲೆಕ್ಕ ಪ್ರಕಟಿಸಿತು. ಎರಡು ಡೋಸ್ ಆದವರಿಗೆ ಆಸ್ಪತ್ರೆ ಸೇರುವುದರಿಂದ ಶೇ 77 ರಕ್ಷಣೆ, ಐಸಿಯುಗೆ ಹೋಗುವುದರಿಂದ ಶೇ 94. ಸೋಂಕೇ ತಗಲದಂತೆ ಮಾತ್ರ ಶೇ 65. ಆಮೇಲೆ ಓಮಿಕ್ರಾನ್ ಬಂದಾಗ ಈ ಕೊನೆಯ ರಕ್ಷಣೆ ಇನ್ನೂ ಇಳಿಯಿತು. ಜೀವ ಉಳಿಸುವ ಕೆಲಸವನ್ನು ಲಸಿಕೆ ಚೆನ್ನಾಗಿ ಮಾಡಿತು, ಹರಡುವುದನ್ನು ತಡೆಯುವ ಕೆಲಸವನ್ನು ಅರ್ಧಂಬರ್ಧ. ನನ್ನ ಜೀವ ಕಾಯುವ ಲಸಿಕೆಯನ್ನು ನನಗೆ ಕೊಡುವುದು ಮಾಲೀಕರ ಕರ್ತವ್ಯ. ಆದರೆ ಅದೊಂದೇ ಕಾರಣಕ್ಕೆ, ನಾನು ಬೇಡ ಅಂದರೆ, ನನ್ನ ಕೆಲಸ ಕಿತ್ತುಕೊಳ್ಳುವ ಹಕ್ಕು ಅವರಿಗೆ ಎಲ್ಲಿಂದ ಬರುತ್ತದೆ? ಆ ಹಕ್ಕು ಬರುವುದಾದರೆ ನನ್ನಿಂದ ಇನ್ನೊಬ್ಬರಿಗೆ ಅಪಾಯ ಇದ್ದಾಗ ಮಾತ್ರ.

ಅಮೆರಿಕದಲ್ಲಿ 2022ರ ಜನವರಿ 13ರಂದು ಅವರ ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ಆದೇಶ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಗಳಲ್ಲೆಲ್ಲ ಲಸಿಕೆ ಇಲ್ಲವೇ ವಾರವಾರ ಟೆಸ್ಟ್ ಅನ್ನುವ ಸರ್ಕಾರದ ನಿಯಮಕ್ಕೆ ತಡೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಅನ್ನುವ ನಿಯಮಕ್ಕೆ ಒಪ್ಪಿಗೆ. ಅವರ ಕಾನೂನಿನ ಕಾರಣಗಳು ಬೇರೆ, ಯಾವ ಇಲಾಖೆಗೆ ಎಷ್ಟು ಅಧಿಕಾರ ಅನ್ನುವ ಜಗಳ. ಆದರೆ ಆಸ್ಪತ್ರೆ ಬೇರೆ, ಫ್ಯಾಕ್ಟರಿ ಬೇರೆ ಅಂತ ಬಿಡಿಸಿ ನೋಡಿದ್ದು ನನಗೆ ಸರಿ ಅನ್ನಿಸುತ್ತದೆ.

ಹಾಗಾದರೆ ನಾನು ಎಲ್ಲಿ ಕಡ್ಡಾಯದ ಪರ? ಮಕ್ಕಳ ವಾರ್ಡಿನಲ್ಲಿ, ದಡಾರದ ಲಸಿಕೆಗೆ. ನಮ್ಮಲ್ಲಿ ಮಗುವಿಗೆ ದಡಾರದ ಮೊದಲ ಡೋಸ್ ಸಿಗುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಮಂಡ್ಯದ ಮಿಮ್ಸ್ ಆಸ್ಪತ್ರೆ ಇರಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಇರಲಿ, ಮಕ್ಕಳ ವಾರ್ಡಿನಲ್ಲಿ ಮಲಗಿರುವ ನಾಲ್ಕು ತಿಂಗಳ ಕೂಸಿಗೆ ಆ ರಕ್ಷಣೆ ಇಲ್ಲ. ಯಾವ ನರ್ಸ್ ಎತ್ತಿಕೊಳ್ಳಬೇಕು ಅಂತ ಅದು ಹೇಳಲಾರದು. ದಡಾರ ಗಾಳಿಯಲ್ಲೇ ಹರಡುತ್ತದೆ, ಎರಡು ಡೋಸ್ ಆದವರಿಗೆ ಸುಮಾರು ಶೇ 97 ರಕ್ಷಣೆ. ಇಲ್ಲಿ ಲಸಿಕೆ ಹರಡುವುದನ್ನೇ ತಡೆಯುತ್ತದೆ. ಅಲ್ಲಿ ಕೆಲಸ ಮಾಡುವವರು ಹಾಕಿಸಿಕೊಂಡಿರಲೇಬೇಕು ಅಂದರೆ ನಾನು ಸಹಿ ಹಾಕುತ್ತೇನೆ. ಆಗಲೂ ಗರ್ಭಿಣಿ ನರ್ಸ್‌ಗೆ ಆ ಲಸಿಕೆ ಕೊಡುವಂತಿಲ್ಲ. ಚಿಕ್ಕಂದಿನಲ್ಲಿ ದಡಾರ ಬಂದು ಹೋದವರಿಗೆ ರಕ್ತಪರೀಕ್ಷೆ ಸಾಕು. ಏನೇ ಹೇಳಿದರೂ ಒಪ್ಪದವರನ್ನು ಬೇರೆ ವಾರ್ಡಿಗೆ ಹಾಕಿ. ಕೆಲಸದಿಂದ ತೆಗೆಯುವ ಮಾತು ಅಷ್ಟು ಬೇಗ ಬರಬಾರದು.

ಉಳಿದ ಕಡೆ? ಹೆಪಟೈಟಿಸ್ ಬಿ ವಿಷಯದಲ್ಲಿ ಅಮೆರಿಕದವರು 1991ರಲ್ಲೇ ಮಾಡಿದ ನಿಯಮ ನನಗೆ ಇಷ್ಟ. ರಕ್ತ ಮುಟ್ಟುವ ಕೆಲಸಕ್ಕೆ ಸೇರಿದ 10 ಕೆಲಸದ ದಿನಗಳ ಒಳಗೆ ಮಾಲೀಕರು ಲಸಿಕೆ ಕೊಡಲೇಬೇಕು, ಕೆಲಸಗಾರರಿಗೆ ಒಂದು ಪೈಸೆ ಖರ್ಚಿಲ್ಲದೆ. ಬೇಡ ಅಂದವರು ಬರೆದುಕೊಡಬೇಕು. ಮುಂದೆ ಮನಸ್ಸು ಬದಲಾದರೆ ಆಗಲೂ ಉಚಿತವಾಗಿ ಹಾಕಿಸಬೇಕು. ಬೇಡ ಅನ್ನುವುದಕ್ಕೆ ಜಾಗ ಇದೆ, ಕೊಡದೆ ಇರುವುದಕ್ಕೆ ಜಾಗ ಇಲ್ಲ.

ಭಯದ ಬಗ್ಗೆ ಎರಡು ಮಾತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಲಸಿಕೆಯಿಂದಲೇ ಹೀಗೆ ಅಂತ ಟೀ ಅಂಗಡಿಯಿಂದ ಹಿಡಿದು ದೊಡ್ಡವರ ಬಾಯಲ್ಲೂ ಬಂತು. ಜಯದೇವದ ಆಗಿನ ನಿರ್ದೇಶಕ ಡಾ. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ನೋಡಿ, ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ ಅಂತ ವರದಿ ಕೊಟ್ಟಿತು. ನನಗೂ ಅದೇ ಸರಿ ಅನ್ನಿಸುತ್ತದೆ. ಹಾಗಂತ ಲಸಿಕೆಯಿಂದ ಏನೂ ಆಗುವುದೇ ಇಲ್ಲ ಅಂತಲೂ ಅಲ್ಲ. ಆಸ್ಟ್ರಾಜೆನೆಕಾ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ನಿಜ, ಕೋವಿಶೀಲ್ಡ್ ಅದೇ ಲಸಿಕೆ. ಕೆಲಸಗಾರರು 'ನನಗೇನಾದರೂ ಆದರೆ?' ಅಂತ ಕೇಳಿದರೆ ನಗಬೇಡಿ. ಉತ್ತರ ಕೊಡಿ, ಅದೂ ಬರವಣಿಗೆಯಲ್ಲಿ. ಚಿಕಿತ್ಸೆ ಖರ್ಚು ಯಾರದು, ರಜೆಗೆ ಸಂಬಳ ಉಂಟಾ, ಕೆಲಸ ಉಳಿಯುತ್ತದಾ? ಇಎಸ್ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಇರುವವರಿಗೆ ಕಾಯಿಲೆ ರಜೆಯಲ್ಲಿ ಕೂಲಿಯ ಶೇ 70 ಸಿಗುತ್ತದೆ, ವರ್ಷಕ್ಕೆ 91 ದಿನದ ತನಕ. ಇಎಸ್ಐ ಇಲ್ಲದ ದಿನಗೂಲಿಯವರಿಗೆ? ಈ ಉತ್ತರ ಬರೆದುಕೊಡಲು ತಯಾರಿಲ್ಲದ ಕಂಪನಿ 'ಕಡ್ಡಾಯ' ಅಂತ ಬೋರ್ಡ್ ಹಾಕಬಾರದು.

ಕೊನೆಯದಾಗಿ ಆಸ್ಪತ್ರೆಯವರಿಗೆ ಒಂದು ಕೆಲಸ. ನಾಳೆ ಹೋದ ಮೇಲೆ ಹೌಸ್‌ಕೀಪಿಂಗ್‌ನವರ ಲಸಿಕೆ ರಿಜಿಸ್ಟರ್ ತರಿಸಿ ನೋಡಿ. ಒಂದನೇ ಡೋಸಿನ ಕಾಲಂ ತುಂಬಿರುತ್ತದೆ. ಎರಡನೆಯದೂ ಪರವಾಗಿಲ್ಲ. ಮೂರನೆಯದು ಆರು ತಿಂಗಳಿಗೆ ಬರಬೇಕು. ಅಷ್ಟರಲ್ಲಿ ಟೆಂಡರ್ ಬದಲಾಗಿ ಹೊಸ ಏಜೆನ್ಸಿ ಬಂದಿರುತ್ತದೆ. ಅದೇ ಆಯಮ್ಮ, ಅದೇ ಕೋಣೆ, ಅದೇ ಹಳದಿ ಚೀಲ. ಆದರೆ ಹೊಸ ರಿಜಿಸ್ಟರ್‌ನಲ್ಲಿ ಅವರು ಹೊಸಬರು. ಹಳೆ ಕಾರ್ಡ್ ಹಳೆ ಏಜೆನ್ಸಿಯವರ ಫೈಲಿನಲ್ಲಿ. 'ಅದು ಏಜೆನ್ಸಿಯವರು ನೋಡ್ಕೋಬೇಕು ಸಾರ್' ಅಂತ ನಿಮ್ಮ ಆಫೀಸಿನವರು ಹೇಳಬಹುದು. 2016ರ ನಿಯಮದಲ್ಲಿ ಆ ಹೊಣೆ ಆಸ್ಪತ್ರೆ ನಡೆಸುವವರ ಮೇಲಿದೆ. ಮೂರನೇ ಕಾಲಂ ಖಾಲಿ ಇರುವವರ ಹೆಸರು ಬರೆದುಕೊಳ್ಳಿ, ಲಸಿಕೆ ತರಿಸಿ. ಒಂದನೇ ಡೋಸಿನಿಂದ ಮತ್ತೆ ಶುರು ಮಾಡಬೇಕಾಗಿಲ್ಲ, ತಡವಾಗಿದ್ದರೂ ಉಳಿದ ಡೋಸ್ ಹಾಕಿದರೆ ಸಾಕು. ಕಾರ್ಡಿನ ಒಂದು ಪ್ರತಿಯನ್ನು ಆಯಮ್ಮನ ಕೈಯಲ್ಲೇ ಕೊಡಿ.